ಸೋಮವಾರದ ಉಪವಾಸ, ಐದನೆಯ ಸ್ಥಾನ

ಶ್ರಾವಣಕ್ಕೆ ಮುಂಚೆ ನಮ್ಮನ್ನು ಸೋಲಿಸುವವರು ಕಲಬುರ್ಗಿಯಲ್ಲಿ ಹುಟ್ಟಿರಲಿಲ್ಲ. ಜಂಬ ಅನ್ನುವವರು ಅನ್ನಲಿ. ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ಊರಿನ ಎಂಟು ತಂಡಗಳು ಸೋಮವಾರ ಸಂಜೆ ಕೋಟೆಯ ಕಂದಕದ ಪಕ್ಕದ ಬಯಲಿನಲ್ಲಿ ಒಂದು ಕಪ್‌ಗಾಗಿ, ಒಬ್ಬರೊಡನೊಬ್ಬರು ಎರಡೆರಡು ಸಲ, ಫುಟ್‌ಬಾಲ್ ಆಡುತ್ತಿದ್ದವು. ಗಾಜಿಪುರದ ನಮ್ಮ ತಂಡ ಮೊದಲ ನಾಲ್ಕು ಆಟಗಳನ್ನು ಸಲೀಸಾಗಿ ಗೆದ್ದಿತು. ಅಣ್ಣನೇ ಕ್ಯಾಪ್ಟನ್. ನಾನು ಹಿಂದೆ ನಿಂತು ಬಂದ ಚೆಂಡನ್ನೆಲ್ಲ ಒದ್ದು ಕಳಿಸುವವನು.

ಅಣ್ಣನಿಗೆ ಆ ವರ್ಷ ಅದು ಬರೀ ಆಟವಾಗಿರಲಿಲ್ಲ. ಅಪ್ಪ ತೀರಿಕೊಂಡಿದ್ದ. ಕಪ್ ಗೆದ್ದ ತಂಡದ ಕ್ಯಾಪ್ಟನ್‌ಗೆ ಬಟ್ಟೆ ಗಿರಣಿಯಲ್ಲಿ ನೌಕರಿ ಕೊಡುವುದಾಗಿ ಅಲ್ಲಿಯ ಮ್ಯಾನೇಜರು ಎಲ್ಲರೆದುರು ಹೇಳಿದ್ದರು. ಅದು ತಪ್ಪಿದರೆ ಕಮಲಾಪುರಕ್ಕೆ ಹೋಗಿ ಸೋದರಮಾವನ ಬಾಳೆತೋಟದಲ್ಲಿ ದುಡಿಯಬೇಕು. ಅಣ್ಣನಿಗೆ ಅದು ಸುತರಾಂ ಬೇಡವಾಗಿತ್ತು.

ಕಮಲಾಪುರದ ಆಯಿ, ಅಂದರೆ ನಮ್ಮವ್ವನ ತಾಯಿ, "ಶ್ರಾವಣ ಬಂತು, ಸೋಮವಾರ ಉಪವಾಸ ಹಿಡೀರಿ, ಶಿವ ಕೈ ಬಿಡಂಗಿಲ್ಲ" ಎಂದು ಹೇಳಿ ಕಳಿಸಿದಳು. ಕಪ್ ಬರುವತನಕ ಸೋಮವಾರ ಏನೂ ಮುಟ್ಟುವುದಿಲ್ಲವೆಂದು ಇಡೀ ತಂಡ ಗುಡಿಯಲ್ಲಿ ಹರಕೆ ಹೊತ್ತೆವು. ಗೋಲು ಕಾಯುತ್ತಿದ್ದ ಪಕ್ಕದ ಮನೆಯ ಸಾಬರ ಹುಡುಗನೂ, "ರೋಜಾ ಹಿಡಿದು ರೂಢಿ ಅದ ನನಗ, ನೀವು ತಡಕೊಂಡ್ರ ಸಾಕು" ಎಂದು ನಗುತ್ತ ಕೂಡಿಕೊಂಡ.

ಪ್ರತಿ ಭಾನುವಾರ ಕಮಲಾಪುರದ ಬಂಡಿಯವನು ಆಯಿ ಕಳಿಸಿದ ಕೆಂಪು ಬಾಳೆಹಣ್ಣಿನ ಗೊನೆ ಇಳಿಸಿ ಹೋಗುತ್ತಿದ್ದ. ಹರಕೆ ಹೊತ್ತವರ ಮನೆಗೆ ಬಂದ ಹಣ್ಣು ದೇವರದ್ದು. ಅದರಲ್ಲಿ ಕೇಳುವುದೇನಿದೆ? ಸೋಮವಾರ ಬೆಳಿಗ್ಗೆ ಗೊನೆಗೆ ಗೊನೆಯನ್ನೇ ಗುಡಿಗೆ ಮುಟ್ಟಿಸುತ್ತಿದ್ದೆವು. ಗುಡಿ ಓಣಿಯ ತಂಡದವರು ಕಟ್ಟೆಯ ಮೇಲೆ ಕೂತು ಪ್ರಸಾದದ ಹಣ್ಣು ಸುಲಿಯುವುದನ್ನು ನೋಡಿದರೆ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು.

ಶ್ರಾವಣದ ಮೊದಲ ಆಟದಲ್ಲೇ ಸೋತೆವು. ನಡುವೆ ಅಣ್ಣ ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತ. ಉಪವಾಸ ಬಿಡೋಣ ಅಂದೆ.

"ಹರಕಿ ಮುರದ್ರ ಇನ್ನೂ ಸೋಲ್ತೀವಿ. ತಲಿ ಅದ ಏನಿಲ್ಲ ನಿನಗ?" ಎಂದು ಬೈದ.

ಮತ್ತೆ ಸೋತೆವು. ಇನ್ನೂ ಕಟ್ಟುನಿಟ್ಟಾಗಿರಬೇಕೆಂದು ಭಾನುವಾರ ರಾತ್ರಿಯ ಊಟವನ್ನೂ ಬಿಟ್ಟೆವು. ಎಂಥ ಬುದ್ಧಿಗೇಡಿಗಳು ನಾವು! ಶ್ರಾವಣ ಮುಗಿದರೂ ಹರಕೆ ಮುಗಿಯಲಿಲ್ಲ. ಎಲ್ಲೋ ಒಂದು ಗೆಲುವು, ಒಂದೆರಡು ಸಮ. ಕೊನೆಗೆ ಎಂಟರಲ್ಲಿ ಐದನೆಯವರಾದೆವು. ಕಪ್ ಗುಡಿ ಓಣಿಯವರಿಗೆ ಹೋಯಿತು, ಗಿರಣಿಯ ನೌಕರಿ ಅವರ ಕ್ಯಾಪ್ಟನ್‌ಗೆ. ಅದು ನಿಜವೆಂದು ನಂಬಲು ನನಗೆ ಎಷ್ಟೋ ಹೊತ್ತು ಬೇಕಾಯಿತು.

ಅಣ್ಣನನ್ನು ಬಿಟ್ಟುಬರಲು ನಾನೇ ಕಮಲಾಪುರಕ್ಕೆ ಹೋದೆ. ಆಯಿ ಅವನ ಗಲ್ಲ ಮುಟ್ಟಿ ನೋಡಿದಳು.

"ಎಷ್ಟು ಸೊರಗೀಯೋ ಮಗನ. ನಾ ಕಳಿಸಿದ ಹಣ್ಣು ತಿಂದಿಲ್ಲೇನು?"

"ಎಲ್ಲಾ ದೇವರಿಗೆ ಕೊಟ್ಟೀವಿ, ಆಯಿ."

ಆಯಿ ದಂಗಾಗಿ ನಿಂತಳು. "ಉಪವಾಸದಾಗ ಹಣ್ಣು ನಡೀತದಲ್ಲೋ. ಆಡೋ ಹುಡುಗರು ಖಾಲಿ ಹೊಟ್ಟಿಲೆ ಇರಬಾರದಂತ ನಿಮಗ ಕಳಿಸಿದ್ದೆ."

ಕಟ್ಟೆಯ ಮೇಲೆ ಕೂತು ಸೋಮವಾರಕ್ಕೊಮ್ಮೆ ಆ ಹಣ್ಣು ತಿಂದವರೇ ಕಪ್ ಒಯ್ದಿದ್ದರು. ಅಣ್ಣನಿಗೂ ಅದೇ ಹೊಳೆದಿರಬೇಕು. ನನ್ನ ಮುಖ ನೋಡಿದ.

ಆಯಿ ಒಳಗಿನಿಂದ ಒಂದು ಹಣ್ಣು ತಂದು ಅವನ ಕೈಗಿಟ್ಟಳು. ಅಂದೂ ಸೋಮವಾರ. ಅಣ್ಣ ನಿಂತಲ್ಲೇ ಸುಲಿದು ತಿಂದ. ಆಮೇಲೆ ಮಾವನ ಹಿಂದೆ ತೋಟಕ್ಕೆ ನಡೆದ.