ಹೊಳೆ ದಾಟದ ಬೀಗರು

ಬೆಳಕವಾಡಿಯಿಂದ ಹೊಳೆಯ ಕಡೆಗೆ ಇಳಿದರೆ ಕಾವೇರಿಯ ನಡುವೆ ಏಳೆಂಟು ಮನೆಗಳ ಒಂದು ಗಡ್ಡೆಯಿದೆ. ಅಲ್ಲಿನವರು ದಿನಾ ಬೆಳಿಗ್ಗೆ ಹಾಲಿನ ಕ್ಯಾನು ತೆಪ್ಪದಲ್ಲಿ ದಾಟಿಸಿ ಡೇರಿಗೆ ಹಾಕುತ್ತಾರೆ. ಸಾಮಾನು ಬೇಕಾದರೆ ಮಳವಳ್ಳಿ ಬಸ್ಸು ಹತ್ತುತ್ತಾರೆ. ಇಂಥ ಜಾಗವನ್ನು ‘ಹೊರಜಗತ್ತಿನ ಸಂಪರ್ಕವಿಲ್ಲದ ದ್ವೀಪ’ ಎನ್ನಬೇಕಾದರೆ ಬೆಂಗಳೂರಿನಿಂದ ಎ.ಸಿ. ಬಸ್ಸಿನಲ್ಲಿ ಬಂದಿರಬೇಕು. ಹಾಗೆಯೇ ಬಂದರು: ಮಾನವ ಭೂಗೋಳ ಓದುವ ಒಂದಷ್ಟು ಹುಡುಗ ಹುಡುಗಿಯರು ಮತ್ತು ಅವರ ಮೇಷ್ಟ್ರು. ಅವರ ಕ್ಷೇತ್ರಕಾರ್ಯದ ವರದಿ ಮಾಡಲು ಪತ್ರಿಕೆ ನನ್ನನ್ನು ಕಳಿಸಿತ್ತು.

ದಡದಲ್ಲಿ ನಿಂತು ಕೂಗಿದರೆ ಗಡ್ಡೆಗೆ ಕೇಳುತ್ತದೆ. ಹೊಳೆಯ ಅಗಲ ಅಷ್ಟೇ, ಆಳ ಮಾತ್ರ ಹೆಚ್ಚು. ಮೇಷ್ಟ್ರು ಸಮುದ್ರಯಾನಕ್ಕೆ ಹೊರಟವರ ಮುಖ ಮಾಡಿಕೊಂಡು, “ದ್ವೀಪವಾಸಿಗಳ ಹತ್ತಿರ ನಿಧಾನವಾಗಿ, ಬಿಡಿಸಿ ಮಾತಾಡಿ” ಎಂದು ವಿದ್ಯಾರ್ಥಿಗಳಿಗೆ ಹೇಳಿದರು.

“ನಂಗೆ ಕಿವಿ ಚೆನ್ನಾಗೈತೆ ಸಾ,” ಅಂದ ತೆಪ್ಪದವನು.

ಮೊದಲ ಸರದಿಯಲ್ಲೇ ನಾನು ದಾಟಿದೆ. ದಡದ ಪಕ್ಕದ ಮನೆಯಲ್ಲಿ ಒಬ್ಬ ತಾಯಿ ಜಗುಲಿಗೆ ಜಮಖಾನ ಹಾಸುತ್ತಿದ್ದಳು.

“ನಮ್ಮ ಎಣ್ಮಗೀನ ನೋಡಕ್ಕೆ ಪೂರಿಗಾಲಿಯಿಂದ ಬತ್ತಾವ್ರೆ. ರಾವುಕಾಲಕ್ಕೆ ಮುಂಚೆ ವಸ್ಲು ದಾಟ್ಬೇಕು ಅಂದವ್ರೆ,” ಅಂದಳು. ಹಿಂದೆ ಬಂದ ಒಂದು ಸಂಬಂಧ, ಹೊಳೆ ದಾಟಿ ಬೀಗರ ಮನೆಗೆ ಯಾರು ಹೋಗುತ್ತಾರೆ ಎಂದು ಮುರಿದುಹೋಗಿತ್ತಂತೆ. ಈ ಸಲದವರಿಗೆ ಫೋನಿನಲ್ಲೇ ಧೈರ್ಯ ಹೇಳಿದ್ದಳು: “ಎಲಡ್ಕೆ ಬಾಯಿಗಾಕ್ಕಳಿ, ಉಗಿಯೋವತ್ಗೆ ಈ ದಡ.”

ಗಡ್ಡೆಯಲ್ಲಿದ್ದದ್ದು ಎರಡು ತೆಪ್ಪ. ಬೀಗರ ಕಾಲು ನೆನೆಯಬಾರದೆಂದು ಒಂದಕ್ಕೆ ಹಿಂದಿನ ದಿನ ಟಾರು ಬಳಿದು ಮಗುಚಿ ಹಾಕಿದ್ದರು. ಅದು ಇನ್ನೂ ಒಣಗಿರಲಿಲ್ಲ. ಇನ್ನೊಂದನ್ನು ಮೇಷ್ಟ್ರು ದಿನದ ಬಾಡಿಗೆಗೆ ಹಿಡಿದಿದ್ದರು. ವಿದ್ಯಾರ್ಥಿಗಳೆಲ್ಲ ದಾಟಿದ ಮೇಲೂ ಅವರು ಅದನ್ನು ಬಿಡಲಿಲ್ಲ. ‘ದುರ್ಗಮ ಪಯಣ’ದ ವಿಡಿಯೊ ಆಗಬೇಕಿತ್ತು. ಇಬ್ಬರು ವಿದ್ಯಾರ್ಥಿಗಳು ತೆಪ್ಪದಲ್ಲಿ ಕೂತು ಹೆದರಿದವರಂತೆ ಕಾಣಬೇಕು. ಮೊದಲ ಸಲ ಒಬ್ಬ ನಕ್ಕ. ಎರಡನೇ ಸಲ ಎಲ್ಲಿಂದಲೋ ಬಸ್ಸಿನ ಹಾರನ್ನು ಕೇಳಿ ದುರ್ಗಮತೆ ಕೆಟ್ಟಿತು. ಮೇಷ್ಟ್ರು ಮತ್ತೆ ತೆಗೆಸಿದರು.

ಅಷ್ಟರಲ್ಲಿ ಆಚೆ ದಡದಲ್ಲಿ ಹೂವು ಹಣ್ಣಿನ ತಟ್ಟೆ ಹಿಡಿದ ಗುಂಪು ಬಂದು ನಿಂತಿತು.

“ಲೇ, ತೆಪ್ಪ ತತ್ತೀಯೇನ್ಲಾ?” ಎಂದು ಗಂಡಿನ ಸೋದರಮಾವ ಕೂಗಿದ.

“ಬಂದೆ ಕಣಣ್ಣೋ!” ಅಂದ ತೆಪ್ಪದವನು.

“ಇನ್ನೊಂದೇ ಒಂದು ಸಲ,” ಅಂದರು ಮೇಷ್ಟ್ರು.

ತಾಯಿ ನೀರಿನಂಚಿಗೆ ಓಡಿಬಂದು, “ಬೀಗ್ರು ಬಿಸ್ಲಲ್ಲಿ ನಿಂತವ್ರೆ ಸಾ, ತೆಪ್ಪ ಬುಡಿ, ನಿಮ್ಮ ಕಾಲಿಗೆ ಬಿದ್ದೆ,” ಅಂದಳು.

“ಅಮ್ಮಾ, ಫ್ರೇಮಿನಲ್ಲಿ ಬರ್ತಿದ್ದೀರಿ. ಸ್ವಲ್ಪ ಪಕ್ಕಕ್ಕೆ.”

ಮನುಷ್ಯರ ಭೂಗೋಳ ಕಲಿಸುವವರ ಬಾಯಲ್ಲಿ ಬಂದ ಮಾತಿದು. ಯಾವ ವಿದ್ಯಾರ್ಥಿಯೂ ತಲೆಯೆತ್ತಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಪರದೆಯಲ್ಲಿ ಬೀಗರು ಇರಲಿಲ್ಲ.

ಕೊನೆಗೆ ತೆಪ್ಪದವನು ಬಾಡಿಗೆ ಹಾಳಾಗಲಿ ಎಂದು ಇಬ್ಬರನ್ನೂ ಇಳಿಸಿ ಹುಟ್ಟು ಹಾಕಿದ. ಅವನು ಅರ್ಧ ಹೊಳೆಯಲ್ಲಿದ್ದಾಗ ಸೋದರಮಾವ ಗಡಿಯಾರ ನೋಡಿಕೊಂಡ.

“ರಾವುಕಾಲ ಕೂತ್ಕತು, ನಡೀರಿ ನಡೀರಿ,” ಎಂದು ತನ್ನವರನ್ನು ಹೊರಡಿಸಿದ. ಆಮೇಲೆ ಈ ಕಡೆಗೆ ತಿರುಗಿ ಕೂಗಿದ: “ಎಲಡ್ಕೆ ಮೂರು ಸಲ ಉಗ್ದಾಯ್ತು ಕಣಮ್ಮೋ, ನಿಮ್ಮ ದಡ ಬರ್ನೇ ಇಲ್ಲ! ಎಣ್ಣು ನೋಡಕ್ಕೇ ಇಂಗಾದ್ರೆ ಎರಿಗೆಗೆ ಎಂಗೆ?”

ತಟ್ಟೆಗಳು ಏರಿ ಹತ್ತಿ ಮರೆಯಾದವು. ಹೊಸ ಸೀರೆಯಲ್ಲಿದ್ದ ಹುಡುಗಿ ಹೊಸ್ತಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ಕೇಸರಿಬಾತು ಬೇಯುತ್ತಿದ್ದ ಗ್ಯಾಸ್ ಆರಿಸಿದಳು.

ಮೇಷ್ಟ್ರಿಗೆ ವಿಡಿಯೊ ತೃಪ್ತಿ ತಂದಿತ್ತು. ಮುಂದಿನ ಕೆಲಸ ಸಂದರ್ಶನ. ಒಬ್ಬ ವಿದ್ಯಾರ್ಥಿನಿ ಮೊಬೈಲು ಹಿಡಿದು ಆ ತಾಯಿಯ ಮುಂದೆ ಜಮಖಾನದ ಮೇಲೆಯೇ ಕೂತಳು. ಮೇಷ್ಟ್ರು ಹೇಳಿಕೊಟ್ಟಂತೆ ನಿಧಾನವಾಗಿ, ಬಿಡಿಸಿ ಓದಿದಳು:

“ದ್ವೀಪದಲ್ಲಿ ಇರೋದ್ರಿಂದ ಹೆಣ್ಣುಮಕ್ಕಳ ಮದುವೆಗೆ ತೊಂದರೆ ಆಗುತ್ತಾ?”

ತಾಯಿ ಅವಳ ಮುಖವನ್ನೇ ನೋಡಿದಳು.

“ಇವತ್ತೂ ಆಯ್ತು ಕಣಮ್ಮ. ನಿಮ್ಮ ಮೇಷ್ಟ್ರು ಎಸ್ರೂ ಬರ್ಕೊ.”

ವಿದ್ಯಾರ್ಥಿನಿ ಮೊಬೈಲಿನಲ್ಲಿ ‘ಹೌದು’ ಎಂಬಲ್ಲಿ ಒತ್ತಿ, ಮುಂದಿನ ಪ್ರಶ್ನೆಗೆ ಹೋದಳು.