ದುರ್ಬೀನ್ ಆಪರೇಷನ್

ಶಾಲೆಯ ಮಕ್ಕಳಿಗೆ ಚಂದ್ರನನ್ನು ತೋರಿಸಲು ಒಯ್ದಿದ್ದ ದೂರದರ್ಶಕವನ್ನು ಎದೆಗಾನಿಸಿಕೊಂಡು ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ನಡುವಯಸ್ಸಿನ ಹೆಂಗಸು, "ಏನ್ರಿ ಅದು?" ಎಂದರು.

"ದುರ್ಬೀನ್ರಿ ಅಕ್ಕಾರ."

ಅವರ ಮುಖ ಬಿಳಿಚಿತು. "ನಾಳೆ ಹಾವೇರ್ಯಾಗ ನನಗ ದುರ್ಬೀನ್ ಆಪರೇಷನ್ ಐತ್ರಿ. ಪಿತ್ತಕೋಶದಾಗಿನ ಹರಳು ತಗೀತಾರ. ಇಷ್ಟ ದಪ್ಪಂದನ್ನ ಹೊಟ್ಯಾಗ ಹಾಕ್ತಾರೇನ್ರಿ?"

"ಅದು ಬ್ಯಾರೇ ರೀ, ಹೊಟ್ಟಿ ಒಳಗ ನೋಡೋ ಕ್ಯಾಮೆರಾ ನಳಿಗಿ. ಪೆನ್ಸಿಲ್‌ನಷ್ಟ ಸಣ್ಣದಿರತೈತಿ," ಎಂದೆ. ಹೆದರಿಕೆ ಹೋಗಲೆಂದು ನನ್ನದನ್ನು ಹಳಿಯಾಚೆಗೆ ತಿರುಗಿಸಿ ಹಿಡಿದೆ. ಅವರು ಬಹಳ ಹೊತ್ತು ಕಣ್ಣಿಟ್ಟು ನೋಡಿದರು.

"ಅಲ್ಲಿ ಹಮಾಲ ತಲಿಕೆಳಗಾಗಿ ನಡ್ಯಾಕತ್ತಾನಲ್ರಿ. ಡಾಕ್ಟರಿಗೂ ನನ್ನ ಹೊಟ್ಟಿ ಹಿಂಗ ಕಂಡ್ರ ಹೆಂಗ?"

ಆಕಾಶ ನೋಡುವ ನನ್ನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತದೆ; ಡಾಕ್ಟರದ್ದು ಹೇಗೋ ನನಗೆ ಗೊತ್ತಿರಲಿಲ್ಲ. "ಅವರನ್ನ ಕೇಳ್ರಿ," ಎಂದು ಜಾರಿಕೊಂಡೆ.

"ಕೇಳೇ ಆಪರೇಷನ್ ಟೇಬಲ್ ಮ್ಯಾಲ ಮಕ್ಕೋತೀನ್ರಿ," ಎಂದರು. ಈಗ ಅವರ ದನಿಯಲ್ಲಿ ಅಂಜಿಕೆ ಇರಲಿಲ್ಲ. ಆ ಡಾಕ್ಟರ ಮೇಲೆಯೇ ನನಗೆ ತುಸು ಕನಿಕರ ಹುಟ್ಟಿತು.