ಆ ಮನೆಯಲ್ಲಿ ನಾಲ್ಕನೇ ವರ್ಷ ಬರುವುದಿಲ್ಲ

ಶಿವರಾತ್ರಿ ಮುಗಿದ ಮೇಲಿನ ಒಂದು ಭಾನುವಾರ, ಮಧ್ಯಾಹ್ನದ ಹೊತ್ತು, ಸಾಂಗ್ಲಿಯ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಯಲ್ಲವ್ವ. ಆ ಮನೆಯ ಯಜಮಾನತಿ, ಎಲ್ಲರೂ ಮಾವಶಿ ಎಂದು ಕರೆಯುವವರು, ಅಡುಗೆಮನೆಯಿಂದ ಕೂಗಿ ಕೇಳಿದರು: 'ಮುಕ್ತಾ, ಇನ್ನೊಂದ ರೊಟ್ಟಿ ಹಾಕ್ಲೇನ?'

'ಸಾಕ, ಆಯಿ' ಎಂದಳು ಯಲ್ಲವ್ವ. ಮರಾಠಿಯಲ್ಲಿ ಆಯಿ ಎಂದರೆ ಅವ್ವ.

ಮುಕ್ತಾ ಆ ಮನೆಯ ಒಬ್ಬಳೇ ಮಗಳು. ತೀರಿಕೊಂಡು ವರ್ಷಗಳೇ ಆಗಿವೆ.

ತುತ್ತು ನನ್ನ ಕೈಯಲ್ಲೇ ಉಳಿಯಿತು. (ಎಣ್ಣೆಗಾಯಿ ಬಹಳ ಚೆನ್ನಾಗಿತ್ತು. ಅದನ್ನೂ ಹೇಳಬೇಕು. ಅಷ್ಟು ಅಕ್ಕರೆಯಿಂದ ಬಡಿಸುವ ಮನೆಗಳು ಈಗ ಕಡಿಮೆ.)

ಯಲ್ಲವ್ವ ಯಾರು? ಹೇಳುತ್ತೇನೆ. ಮಿರಜದ ಜೂನಿಯರ್ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತೇನೆ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಅವಳು ನನ್ನ ಕ್ಲಾಸಿನ ಹುಡುಗಿ. ತಾಯಿ ಲಕ್ಕವ್ವ ಇಂಡಿ ಕಡೆಯಿಂದ ದುಡಿಯಲು ಬಂದವಳು, ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಾಳೆ, ವಾಸ ಅಲ್ಲೇ ತಗಡಿನ ಶೆಡ್ಡಿನಲ್ಲಿ. ತಂದೆ ಇಲ್ಲ. ಮಗಳು ಒಳ್ಳೆಯ ಮಾರ್ಕ್ಸ್ ತೆಗೆದಳು, ಬಿ.ಫಾರ್ಮ್ ಸೀಟು ಸಿಕ್ಕಿತು. ಅಲ್ಲಿಗೆ ಸಂತೋಷ ಮುಗಿಯಿತು. ಸರ್ಕಾರದ ಸ್ಕಾಲರ್‌ಶಿಪ್‌ಗೆ ಜಾತಿ ಪ್ರಮಾಣಪತ್ರ ಬೇಕು. ಇವರ ಹತ್ತಿರ ಇದ್ದದ್ದು ಕರ್ನಾಟಕದ್ದು. ಇಲ್ಲಿ ನಡೆಯಲ್ಲ ಅಂದರು. ಅಲ್ಲಿ ಕೇಳಿದರೆ, ಓದುವುದು ಮಹಾರಾಷ್ಟ್ರದಲ್ಲಿ ತಾನೇ, ಅಲ್ಲೇ ಕೇಳಿ ಅಂದರು. ಬಡತನಕ್ಕೂ ಒಂದು ರಾಜ್ಯ ಇರಬೇಕೇ?

ಹಾಗೆ ದಾನಿಗಳನ್ನು ಹುಡುಕತೊಡಗಿದೆವು. ಈ ದಾರಿಯಲ್ಲಿ ಅಲೆದವರಿಗೆ ಗೊತ್ತು, ಬಿಟ್ಟಿ ಎಂಬುದು ಎಲ್ಲೂ ಇಲ್ಲ. ಒಬ್ಬರಿಗೆ ಚೆಕ್ ಕೊಡುವ ಫೋಟೊ ಬೇಕು. ಇನ್ನೊಬ್ಬರಿಗೆ ವೇದಿಕೆ ಮೇಲೆ ಹುಡುಗಿ ಕಣ್ಣೀರು ಹಾಕಬೇಕು. ಮತ್ತೊಬ್ಬರಿಗೆ ಅವರ ಮೊಮ್ಮಗನಿಗೆ ಟ್ಯೂಷನ್. ಆಗ ನನ್ನ ಸಹೋದ್ಯೋಗಿಯೊಬ್ಬರು ಒಂದು ಫೋನ್ ನಂಬರ್ ಕೊಟ್ಟರು. ಸಾಂಗ್ಲಿಯ ಅರಿಶಿಣ ವ್ಯಾಪಾರಿ, ನಮ್ಮಂತೆಯೇ ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದ ಮನೆ. ಬಿ.ಫಾರ್ಮ್ ಓದುತ್ತಿದ್ದಾಗಲೇ ತೀರಿಕೊಂಡ ಮಗಳ ಹೆಸರಿನಲ್ಲಿ ಒಬ್ಬ ಹುಡುಗಿಯ ಫೀ ತುಂಬುತ್ತಾರೆ. ನೇರವಾಗಿ ಕಾಲೇಜಿಗೆ. ಫೋಟೊ ಇಲ್ಲ, ಭಾಷಣ ಇಲ್ಲ. ಒಂದೇ ಮಾತು: ಪ್ರತಿ ಭಾನುವಾರ ಹುಡುಗಿ ಅವರ ಮನೆಗೆ ಮಧ್ಯಾಹ್ನದ ಊಟಕ್ಕೆ ಬರಬೇಕು.

ಇದಕ್ಕಿಂತ ಒಳ್ಳೆಯ ಷರತ್ತು ಇರಲು ಸಾಧ್ಯವೇ? 'ಇದರಾಗ ಏನ್ ಐತಿ ಬಾಯಾರ, ಹುಡುಗಿ ವಾರಕ್ಕೊಮ್ಮೆರ ಹೊಟ್ಟಿತುಂಬ ಉಣ್ತಾಳ' ಎಂದಳು ಲಕ್ಕವ್ವ. ಮೊದಲ ವರ್ಷ ಕಳೆಯಿತು, ಎರಡನೆಯದೂ ಕಳೆಯಿತು. ಫೀ ಒಂದು ದಿನವೂ ತಡವಾಗಲಿಲ್ಲ. ನಾನು ಆ ಮನೆಯನ್ನು ಮರೆತೇಬಿಟ್ಟಿದ್ದೆ.

ಯಲ್ಲವ್ವ ಮೂರನೇ ವರ್ಷದಲ್ಲಿದ್ದಾಗ, ಅಂದರೆ ಈ ವರ್ಷವೇ, ಒಂದು ಸಂಜೆ ಲಕ್ಕವ್ವ ಕೆಲಸದ ಸೀರೆಯಲ್ಲೇ ನನ್ನ ಮನೆಗೆ ಬಂದಳು. ಕುಂದ್ರು ಅಂದರೂ ಕೂರಲಿಲ್ಲ.

'ಬಾಯಾರ, ನಿನ್ನಿ ನಮ್ಮ ಹುಡುಗಿ ನನ್ನ ಆಯಿ ಅಂತ ಕರದ್ಲರಿ.'

'ಕಾಲೇಜಿನ್ಯಾಗ ಎಲ್ಲಾರೂ ಮರಾಠಿ ಹುಡುಗ್ಯಾರು. ಬಾಯಿಗೆ ರೂಢಿ ಆಗಿರ್ತದ' ಎಂದೆ.

'ರೂಢಿ ಆಗಿದ್ರ ಬಿಡತಿದ್ದೆ. ನನ್ನ ಮಾರಿ ನೋಡಿಕೋತ ಕರದ್ಲರಿ. ಆಮ್ಯಾಲ ಈಕಿ ಯಾರು ಅನ್ನೂಹಂಗ ನೋಡಿದ್ಲು.' ಮತ್ತೆ ಹೇಳಿದಳು, 'ಹಾಗಲಕಾಯಿ ಅಂದ್ರ ಜೀವ ಬಿಡತಿದ್ಲು. ಈಗ ಮುಟ್ಟಂಗಿಲ್ಲ. ನನಗ ಸಣ್ಣಾಕಿದ್ದಾಗಿಂದ ಸೇರೂದಿಲ್ಲ ಅಂತಾಳ. ನಾನ ಅಲ್ಲೇನ್ರಿ ಸಣ್ಣಾಕಿದ್ದಾಗ ಉಣಿಸಿದಾಕಿ?'

ಅದಕ್ಕೇ ನಾನು ಆ ಭಾನುವಾರ ಯಲ್ಲವ್ವನ ಜೊತೆ ಬಸ್ ಹತ್ತಿದ್ದು.

ಮನೆ ಚೊಕ್ಕವಾಗಿತ್ತು. ಒಳಗೆಲ್ಲ ಅರಿಶಿಣದ ವಾಸನೆ. ಮಾವಶಿ ನನ್ನನ್ನು 'ಬರ್ರಿ, ಕುಂದ್ರಿ' ಎಂದು ಕರೆದು, ಯಲ್ಲವ್ವನಿಗೆ ಬೇರೇನೂ ಹೇಳದೆ ಒಂದು ಮಣೆ ತೋರಿಸಿದರು. ಅವಳು ಬೆನ್ನು ತಿರುಗಿಸಿ ಕೂತಳು. ಮಾವಶಿ ಅವಳ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಹೆಣೆಯತೊಡಗಿದರು. ಪಕ್ಕಕ್ಕೆ ಬೈತಲೆ ತೆಗೆದು, ಒಂದೇ ಜಡೆ. ಯಲ್ಲವ್ವ ನನ್ನ ಕ್ಲಾಸಿನಲ್ಲಿದ್ದಾಗ ನಡುಬೈತಲೆ ತೆಗೆಯುತ್ತಿದ್ದಳು. ಅದು ನನಗೆ ಆಗ ನೆನಪಾಯಿತು.

ಕಾಕಾ, ಅಂದರೆ ಆ ವ್ಯಾಪಾರಿ, ಪೇಪರ್ ಓದುತ್ತಿದ್ದರು. ಸಜ್ಜನರು. ನನ್ನ ಕೆಲಸ, ಮಕ್ಕಳು, ಊರಿನ ನಲ್ಲಿ ನೀರು ಎಲ್ಲದರ ಬಗ್ಗೆ ವಿಚಾರಿಸಿದರು.

ಗೋಡೆಯ ಮೇಲೆ ಸಾಲಾಗಿ ಫೋಟೊಗಳಿದ್ದವು. ಎಲ್ಲವೂ ಹುಡುಗಿಯರವೇ. ಮೊದಲನೆಯದು ಮುಕ್ತಾ. ಉಳಿದವು ಬೇರೆ ಬೇರೆ ಮುಖ. ಆದರೆ ಅದೇ ಪಕ್ಕದ ಬೈತಲೆ, ಅದೇ ಒಂಟಿ ಜಡೆ ಭುಜದ ಮೇಲಿಂದ ಮುಂದಕ್ಕೆ. ಒಂದೊಂದಕ್ಕೂ ಗಂಧದ ಹಾರ.

'ಇವರೆಲ್ಲಾ ಯಾರ್ರಿ?' ಎಂದೆ.

'ಮುಕ್ತಾ' ಎಂದರು ಮಾವಶಿ.

'ಅಲ್ರಿ, ಈ ಉಳದವರು...'

'ಹೋದ್ರು' ಎಂದರು, ಹೆಣೆಯುವುದನ್ನು ನಿಲ್ಲಿಸದೆ.

ನನ್ನ ಕಣ್ಣು ಕೊನೆಯ ಫೋಟೊದ ಮೇಲೆ ನಿಂತಿತ್ತು. ಆ ಮುಖ ನನಗೆ ಗೊತ್ತಿತ್ತು. ಮಿರಜದಲ್ಲಿ ದವಾಖಾನೆ ಎದುರಿನ ಮೆಡಿಕಲ್ ಶಾಪಿನಲ್ಲಿ ಅದೇ ವಾರ ಅವಳಿಂದ ಬಿಪಿ ಮಾತ್ರೆ ತಂದಿದ್ದೆ.

ಊಟವಾದ ಮೇಲೆ ಯಲ್ಲವ್ವ ಪಾತ್ರೆ ತೊಳೆಯಲು ಒಳಗೆ ಹೋದಳು. ನಾನು ಕಾಕಾರನ್ನು ಕೇಳಿದೆ, ಮುಂದಿನ ವರ್ಷದ ಫೀ ಹೇಗೆ ಅಂತ. ಅವರು ಪೇಪರ್ ಮಡಚಿಟ್ಟರು.

'ಮೂರು ವರ್ಷದ್ದ ನಮ್ಮದು. ಏಪ್ರಿಲ್‌ಗೆ ಮುಗೀತದ.'

'ಕೋರ್ಸ್ ನಾಕ ವರ್ಷದ್ದು ಐತಲ್ರಿ?'

'ಇರಬಹುದು. ನಮಗ ನಾಕನೇ ವರ್ಷ ಗೊತ್ತಿಲ್ರಿ. ನಮ್ಮ ಮನ್ಯಾಗ ಅದು ಬಂದೇ ಇಲ್ಲ.' ಇದನ್ನು ಅವರು ಎಷ್ಟು ಸಹಜವಾಗಿ ಹೇಳಿದರೆಂದರೆ, ನಾನೇ ತಪ್ಪು ಪ್ರಶ್ನೆ ಕೇಳಿದೆನೇನೋ ಅನಿಸಿತು.

ವಾಪಸ್ ಬಸ್ಸಿನಲ್ಲಿ ಯಲ್ಲವ್ವನನ್ನು ಕೇಳಿದೆ, ಅಲ್ಲಿ ಅಂಜಿಕೆ ಆಗುವುದಿಲ್ಲವೇ?

'ಮೊದಲ ಆಗತಿತ್ರಿ ಮ್ಯಾಡಂ. ಈಗ ಅಲ್ಲೆ ಆಗೂದಿಲ್ಲ. ನಮ್ಮ ಶೆಡ್ಡಿಗೆ ಹೋದ ಮ್ಯಾಲ ಆಗ್ತದ. ಅಲ್ಲೆ ಯಾರೂ ನನ್ನ ಮುಕ್ತಾ ಅಂತ ಕರೆಯಂಗಿಲ್ಲಲ್ರಿ. ಅವಾಗ ನಾನ ಸತ್ತಾಕಿ ಅನಸ್ತದ.'

ಮಾರನೇ ದಿನ ಮೆಡಿಕಲ್ ಶಾಪಿಗೆ ಹೋದೆ. ಅವಳ ಹೆಸರು ಸುಜಾತಾ. ಕೊರಳಲ್ಲಿ ತಾಳಿ, ಬಿಳಿ ಕೋಟು, ಲವಲವಿಕೆಯ ಮಾತು. ಆ ಮನೆಯ ಹೆಸರೆತ್ತಿದ ಕೂಡಲೇ ಕೌಂಟರ್ ದಾಟಿ ಹೊರಗೆ ಬಂದಳು. ಕನ್ನಡ ತಿಳಿಯುತ್ತದೆ, ಆಡಲು ಬಾರದು. ಮರಾಠಿಯಲ್ಲೇ ಹೇಳಿದಳು.

ಮೂರನೇ ವರ್ಷದ ಕೊನೆಯ ಭಾನುವಾರ ಮಾವಶಿ ಅವಳಿಗೆ ಥಾಲಿಪೀಟದ ಡಬ್ಬಿ ಕಟ್ಟಿಕೊಟ್ಟರಂತೆ. ಸಾವಕಾಶ ಹೋಗು ಅಂದರಂತೆ. ತನ್ನ ಮೂರನೇ ವರ್ಷದ ಕೊನೆಗೆ ಮುಕ್ತಾ ಸ್ಕೂಟರ್ ತೆಗೆದುಕೊಂಡು ಹೋಗಿ ತಿರುಗಿ ಬಾರದ ಬೆಳಿಗ್ಗೆಯೂ ಅದೇ ಡಬ್ಬಿ, ಅದೇ ಮಾತು ಎಂಬುದು ಅವಳಿಗೆ ಆಮೇಲೆ ತಿಳಿಯಿತು. ಆ ವರ್ಷದ ರಿಸಲ್ಟ್ ಬಂದ ದಿನ ಸುಜಾತಾ ಪೇಢೆ ಹಿಡಿದು ಹೋದಳು. ಮಾವಶಿ ಬಾಗಿಲು ತೆರೆದರು. ನೋಡಿದರು. ಯಾರು ಬೇಕಾಗಿತ್ತು ಎಂದು ಕೇಳಿದರು. ಇವಳು ತಮಾಷೆ ಎಂದುಕೊಂಡು ನಕ್ಕಳು. ಒಳಗಿನಿಂದ ಕಾಕಾ ಬಂದು, ಮನೆ ತಪ್ಪಿ ಬಂದಿದ್ದೀಯಮ್ಮ, ಎಂದು ಮೆಲ್ಲಗೆ ಬಾಗಿಲು ಹಾಕಿದರು.

'ಆಮೇಲೆ ಒಮ್ಮೆ ಸಾಂಗ್ಲಿ ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕರು. ನನ್ನ ಮುಖವನ್ನೇ ನೋಡಿದರು, ನನ್ನನ್ನು ನೋಡಲಿಲ್ಲ' ಎಂದಳು. ಅವಳ ಫೋಟೊಗೆ ಹಾರ ಹಾಕಿರುವುದನ್ನು ನಾನು ಹೇಳಬಾರದಿತ್ತೇನೋ. ಹೇಳಿದೆ. ಅವಳ ಕೈ ತನ್ನಷ್ಟಕ್ಕೇ ಕೊರಳಿಗೆ ಹೋಯಿತು.

ಇದನ್ನೆಲ್ಲ ಯಲ್ಲವ್ವನಿಗೆ ಹೇಳಲು ಅವರ ಶೆಡ್ಡಿಗೆ ಓಡಿದೆ. ಅವಳು ತಣ್ಣಗೆ ಕೇಳಿಸಿಕೊಂಡಳು. 'ಗೊತ್ತೈತ್ರಿ. ಆ ಫೋಟೊದ ಧೂಳು ಒರಸಾಕಿ ನಾನ. ನಂದೂ ತಗಸ್ಯಾರ, ಹೋದ ದೀಪಾವಳಿಗೆ.'

ಲಕ್ಕವ್ವ ಅಲ್ಲೇ ಒಲೆ ಮುಂದೆ ಕೂತಿದ್ದಳು. ಅವಳಿಗೆ ಎಷ್ಟು ಅರ್ಥವಾಯಿತೋ ನನಗೆ ತಿಳಿಯದು. 'ಕಡೀ ಆಯಿತವಾರ ನಾನೂ ಬರ್ತೇನಿ' ಎಂದಳು, ಅಷ್ಟೇ. ಯಲ್ಲವ್ವ ಬೇಡ ಎಂದಳು. ಲಕ್ಕವ್ವ ಒಲೆಯ ಕಟ್ಟಿಗೆ ಮುಂದಕ್ಕೆ ತಳ್ಳಿದಳು.

ಏಪ್ರಿಲ್‌ನ ಕೊನೆಯ ಭಾನುವಾರ ಮೂವರೂ ಹೋದೆವು. ಲಕ್ಕವ್ವ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ನಡುಮನೆಯ ಗೋಡೆಗೆ ಆತು ನೆಲದ ಮೇಲೆ ಕೂತಳು. ಮಾವಶಿ ಜಡೆ ಹೆಣೆದು ಮುಗಿಸಿ, ಕೈ ಒರೆಸಿಕೊಳ್ಳುತ್ತ ಅವಳ ಕಡೆ ತಿರುಗಿದರು.

'ಮುಕ್ತಾ, ಇವರ್ಯಾರ?'

ಯಲ್ಲವ್ವ ಬಾಯಿ ತೆರೆದಳು. ಆ ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಉತ್ತರ ಗೊತ್ತಿರಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

'ನಾ ಈಕಿ ಅವ್ವ ರೀ' ಎಂದಳು ಲಕ್ಕವ್ವ. 'ಯಲ್ಲವ್ವನ ಅವ್ವ.'

ಮಾವಶಿ ಬೈಯಬಹುದಿತ್ತು, ಅಳಬಹುದಿತ್ತು. ಅವರು ಲಕ್ಕವ್ವನ ಪಕ್ಕ ನೆಲದ ಮೇಲೆ ಕೂತರು. ಇಟ್ಟಿಗೆ ಹೊತ್ತು ಒರಟಾದ ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು. ಅಷ್ಟು ಕರುಣೆ ತುಂಬಿದ ಮುಖವನ್ನು ನಾನು ಇತ್ತೀಚೆಗೆ ಕಂಡಿಲ್ಲ.

'ಎಷ್ಟ ದಿನ ಆತ್ರಿ ಮಗಳು ಹೋಗಿ?' ಎಂದು ಕೇಳಿದರು.

ಮಾವಶಿ ಆ ಕೈ ಸವರುತ್ತ ಹೇಳಿದರು:

'ಮೊದಲನೇ ವರ್ಷ ಭಾಳ ಕಠಿಣ ಇರ್ತದ. ಆಕಿನ್ನ ಎಲ್ಲಾ ಕಡೆ ಕಂಡಂಗ ಆಗ್ತದ. ಹಾದ್ಯಾಗ, ಬಸ್ಸಿನ್ಯಾಗ, ಮಂದಿ ಮನ್ಯಾಗ. ನನಗೂ ಹಂಗ ಆಗತಿತ್ತು. ಆಮ್ಯಾಲ ಸಮಾಧಾನ ಆಗ್ತದ್ರಿ.'

ಲಕ್ಕವ್ವ ಕೈ ಬಿಡಿಸಿಕೊಂಡಳು. ಎದ್ದು ಮಗಳ ರಟ್ಟೆ ಹಿಡಿದಳು. ಎಳೆದುಕೊಂಡು ಹೊರಗೆ ನಡೆದಳು, ಚಪ್ಪಲಿ ಸಹ ಹಾಕಿಕೊಳ್ಳದೆ. ಬಿಸಿಲಿಗೆ ಡಾಂಬರು ಕಾದಿತ್ತು. ನಾನು ಇಬ್ಬರ ಚಪ್ಪಲಿಯನ್ನೂ ಹಿಡಿದು ಹಿಂದೆ ಓಡಿದೆ. ತಿರುವಿನಲ್ಲಿ ಸಿಕ್ಕರು. ಲಕ್ಕವ್ವ ಮಗಳ ಎರಡೂ ಭುಜ ಹಿಡಿದು ಕೇಳುತ್ತಿದ್ದಳು, 'ಹೆಸರ ಹೇಳ. ನಿನ್ನ ಹೆಸರ ಹೇಳ.' ರಿಕ್ಷಾದವರು ನೋಡುತ್ತಿದ್ದರು. ಹುಡುಗಿ ತಿರುಗಿ ಆ ಮನೆಯ ಕಡೆ ನೋಡಿದಳು. ಆಮೇಲೆ ಹೇಳಿದಳು. ತಪ್ಪಿಲ್ಲದೆ, ಆದರೆ ಹಾಜರಿ ಪುಸ್ತಕ ಓದಿದ ಹಾಗೆ.

ಈಗ ಅವಳು ನಾಲ್ಕನೇ ವರ್ಷದಲ್ಲಿದ್ದಾಳೆ. ಅವಳ ಕಾಲೇಜಿನ ಪ್ರಿನ್ಸಿಪಾಲರ ಮುಂದೆ ನಾನೂ ಸುಜಾತಾಳೂ ಕೂತೆವು. ಟ್ಯೂಷನ್ ಫೀಯಲ್ಲಿ ಒಂದು ಭಾಗ ಮಾಫಿ ಮಾಡಿದರು, ಉಳಿದದ್ದು ಕಂತಿನಲ್ಲಿ. (ಮೊದಲ ವರ್ಷವೇ ಇದನ್ನು ಕೇಳಿದ್ದಾಗ 'ನಿಯಮದಲ್ಲಿ ಇಲ್ಲ' ಅಂದಿದ್ದರು. ನಿಯಮ ಬದಲಾಗಿಲ್ಲ. ಕೇಳುವವರು ಮೇಜಿನ ಮುಂದಿನಿಂದ ಏಳಲಿಲ್ಲ, ಅಷ್ಟೇ.) ಸಂಜೆ ಸುಜಾತಾಳ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡಿದ್ದಾಳೆ. ಅವ್ವ ಎಂದೇ ಕರೆಯುತ್ತಾಳಂತೆ. ಹಾಗಲಕಾಯಿ ಮಾತ್ರ ಇನ್ನೂ ತಿನ್ನುವುದಿಲ್ಲವಂತೆ.

ಆ ದಂಪತಿಯನ್ನು ಕೆಟ್ಟವರು ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಒಂದು ಗದರಿಕೆ ಇಲ್ಲ, ಒಂದು ಸುಳ್ಳು ಭರವಸೆ ಇಲ್ಲ. ನಾಲ್ಕು ಜನರ ಮುಂದೆ ಚೆಕ್ ಎತ್ತಿ ತೋರಿಸಿ ಹುಡುಗಿಯ ಮಾನ ತೆಗೆಯಲಿಲ್ಲ. ಆ ಗೋಡೆಯ ಮೇಲಿನ ಹುಡುಗಿಯರೆಲ್ಲ ಓದಿದ್ದು ಅವರ ದುಡ್ಡಿನಿಂದಲೇ. ಸುಜಾತಾ ಇವತ್ತು ತನ್ನ ಕಾಲ ಮೇಲೆ ನಿಂತಿದ್ದಾಳೆ. ಆದರೂ ನಾನು ಆ ಶಾಪಿಗೆ ಹೋದಾಗಲೆಲ್ಲ ಅವಳ ಮುಖ ನೋಡಿ ಮಾತಾಡಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಕಳೆದ ವಾರ ಕಾಕಾ ಫೋನ್ ಮಾಡಿದ್ದರು. ನಡೆದದ್ದರ ಬಗ್ಗೆ ಒಂದು ಮಾತಿಲ್ಲ. ಆರೋಗ್ಯ ವಿಚಾರಿಸಿದರು. ಆಮೇಲೆ, 'ಬಾಯಿ, ಈ ವರ್ಷ ಫಸ್ಟ್ ಇಯರಿಗೆ ಹುಡುಗಿ ಯಾರರ ಇದ್ರ ಹೇಳ್ರಿ. ಕೂದಲ ಉದ್ದ ಇದ್ರ ಚಲೋ' ಎಂದರು. ನೋಡುತ್ತೇನೆ ಎಂದು ಇಟ್ಟೆ.

ನಿನ್ನೆ ಹತ್ತಿರದ ಬೇಡಗದಿಂದ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದಿದ್ದ. ಬಿ.ಫಾರ್ಮ್ ಸೀಟು ಸಿಕ್ಕಿದೆ. ಫೀ ತುಂಬಲು ಶುಕ್ರವಾರ ಕೊನೆಯ ದಿನ. ನಾನು ಹೋಗಬೇಕಾದ ಟ್ರಸ್ಟುಗಳಿಗೆಲ್ಲ ಹೋಗಿ ಬಂದೆ. ಎಲ್ಲರೂ ಆಗುವುದಿಲ್ಲ ಅಂದರು. ಹುಡುಗಿ ಜಾಣೆ, ಮಾತು ಕಡಿಮೆ. ಸೊಂಟದವರೆಗೆ ಜಡೆ.

ನನ್ನ ಜಾಗದಲ್ಲಿ ನೀವಿದ್ದರೆ ಆ ನಂಬರ್ ಕೊಡುತ್ತಿದ್ದಿರಾ?